ಚಿತ್ತಾರದ ನಕ್ಷೆಗೆ ತಕ್ಕ ಫೈಲ್: ನನ್ನ ಅನುಭವ

ತೀರ್ಥಹಳ್ಳಿ ಕಡೆಯ ಒಬ್ಬರು ಫೋನ್ ಮಾಡಿ, "ಅಕ್ಕಾ, ನೀವು ಕಳಿಸಿದ ನಕ್ಷೆಯ ಅಂಚಿನಲ್ಲಿ ಮೂರು ಎಳೆ ಇದೆಯೋ ನಾಲ್ಕೋ? ಎಷ್ಟು ದೊಡ್ಡದು ಮಾಡಿ ನೋಡಿದ್ರೂ ಗೊತ್ತಾಗ್ತಿಲ್ಲ" ಎಂದು ಕೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ನನ್ನ ಲ್ಯಾಪ್‌ಟಾಪಿನಲ್ಲಿ ಆ ಅಂಚಿನ ನಾಲ್ಕು ಎಳೆಗಳೂ ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿದ್ದವು. ಅವರಿಗೆ ತಲುಪಿದ ಚಿತ್ರವನ್ನೇ ನನಗೆ ತಿರುಗಿ ಕಳಿಸಲು ಹೇಳಿ ತೆರೆದು ನೋಡಿದೆ. ನಡುವಿನ ಎರಡು ಎಳೆಗಳು ಕೂಡಿಕೊಂಡು ಬೂದಿ ಬಣ್ಣದ ಒಂದೇ ಪಟ್ಟಿಯಾಗಿದ್ದವು. ತಪ್ಪು ಅವರ ಕಣ್ಣಿನದ್ದಾಗಿರಲಿಲ್ಲ.

ನಾನು ಸಾಗರದ ಹತ್ತಿರದ ಹಳ್ಳಿಯವಳು. ನಮ್ಮತ್ತೆ ಮದುವೆ ಮನೆಗಳಲ್ಲಿ ಹಸೆ ಗೋಡೆ ಬರೆಯುತ್ತಿದ್ದವರು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿಗಳನ್ನು ಪುಂಡಿ ನಾರಿನ ಕುಂಚದಿಂದ ಎಳೆದು, ಭೂಮಿ ಹುಣ್ಣಿಮೆ ಬಂದಾಗ ಅದೇ ಕೈಯಿಂದ, ಹೊಲಕ್ಕೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೂ ಚಿತ್ತಾರ ತುಂಬುತ್ತಿದ್ದರು. ಆ ಚಿತ್ತಾರಗಳನ್ನು ಮ್ಯಾಟಿ ಬಟ್ಟೆಯ ಮೇಲೆ ದಾರದಲ್ಲಿ ತೆಗೆಯುವಂತೆ ಚೌಕುಳಿ ನಕ್ಷೆಗಳಾಗಿ ಇಳಿಸುವುದು, ರವಿಕೆಯ ತೋಳಿಗೆ ಕಾರ್ಬನ್ ಇಟ್ಟು ತಿದ್ದಿಕೊಳ್ಳುವಂತೆ ನಿಜ ಅಳತೆಯ ನಕ್ಷೆ ಮಾಡುವುದು, ಕೇಳಿದವರಿಗೆ ಅವುಗಳನ್ನು ಫೋನಿನ ಮೂಲಕ ಕಳಿಸುವುದು ನನ್ನ ಕೆಲಸ. ಹಸೆ ಚಿತ್ತಾರದಲ್ಲಿ ಎಳೆಯ ಲೆಕ್ಕ ತಪ್ಪಿದರೆ ಚಿತ್ತಾರವೇ ತಪ್ಪಿದಂತೆ. ಹೂವಿನ ಚಿತ್ರವಾಗಿದ್ದರೆ ಒಂದು ಎಸಳು ಮಸುಕಾದರೂ ನಡೆದೀತು, ಇಲ್ಲಿ ಅದಕ್ಕೆ ಅವಕಾಶವಿಲ್ಲ.

ಆಗ ನಾನು ಕಳಿಸುತ್ತಿದ್ದದ್ದು ಜೆಪೆಗ್ ಚಿತ್ರ, ಅಂದರೆ ಫೋಟೊಗಳಿಗೆ ಸಾಮಾನ್ಯವಾಗಿ ಬಳಸುವ ಫೈಲ್. ಎ4 ಹಾಳೆಯನ್ನು ಇಂಚಿಗೆ 300 ಚುಕ್ಕೆಯಂತೆ (ಪಿಕ್ಸೆಲ್) ಉಳಿಸಿದರೆ 2480 ಚುಕ್ಕೆ ಅಗಲ, 3508 ಚುಕ್ಕೆ ಉದ್ದದ ಚಿತ್ರ ಬರುತ್ತದೆ. ನನ್ನ ಎಳೆಗಳು ಮೂರು ಚುಕ್ಕೆ ದಪ್ಪವಿದ್ದವು, ನಡುವಿನ ಸಂದೂ ಮೂರೇ ಚುಕ್ಕೆ. ವಾಟ್ಸ್‌ಆ್ಯಪಿನಲ್ಲಿ ಫೋಟೊ ಎಂದು ಕಳಿಸಿದ ಆ ಚಿತ್ರ ತೀರ್ಥಹಳ್ಳಿ ಮುಟ್ಟುವಷ್ಟರಲ್ಲಿ 1600 ಚುಕ್ಕೆ ಉದ್ದಕ್ಕೆ ಇಳಿದಿತ್ತು. ಅಂದರೆ ಎಳೆಗೂ ಸಂದಿಗೂ ಒಂದೂವರೆ ಚುಕ್ಕೆಯಷ್ಟೂ ಜಾಗ ಉಳಿದಿರಲಿಲ್ಲ. ಅದರ ಮೇಲೆ ಜೆಪೆಗ್‌ನ ಸ್ವಭಾವವೂ ಸೇರಿತು. ಅದು ಚಿತ್ರವನ್ನು ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಉದ್ದದ ತುಂಡುಗಳಾಗಿ ಮಾಡಿಕೊಂಡು, ಕಣ್ಣಿಗೆ ಅಷ್ಟಾಗಿ ತಿಳಿಯದ ಸೂಕ್ಷ್ಮಗಳನ್ನು ಬಿಟ್ಟು ಹಗುರ ಮಾಡುತ್ತದೆ. ಮುಖಕ್ಕೆ, ಮಳೆಗಾಲದ ಗುಡ್ಡಕ್ಕೆ ಇದು ಸರಿಹೋಗುತ್ತದೆ. ಬಿಳಿಯ ಪಕ್ಕದಲ್ಲೇ ಕಡುಗಪ್ಪು ಬರುವ ಗೆರೆಗೆ ಸರಿಹೋಗುವುದಿಲ್ಲ. ಗೆರೆಯ ಅಕ್ಕಪಕ್ಕ ಮಸಿ ಎರಚಿದಂತೆ ಬೂದು ಚುಕ್ಕೆಗಳು ಏಳುತ್ತವೆ, ಮತ್ತೆ ಮತ್ತೆ ಉಳಿಸಿದಷ್ಟೂ ಅವು ಹೆಚ್ಚುತ್ತವೆ. ವಾಟ್ಸ್‌ಆ್ಯಪಿನಲ್ಲಿ ಈಗ ಎಚ್‌ಡಿ ಆಯ್ಕೆ ಬಂದಿದೆಯಾದರೂ ಅದರಲ್ಲೂ ಚಿತ್ರ ಕುಗ್ಗುತ್ತದೆ. ಏನನ್ನೇ ಕಳಿಸುವುದಿದ್ದರೂ ಡಾಕ್ಯುಮೆಂಟ್ ಎಂದು ಲಗತ್ತಿಸಿದರೆ ಮಾತ್ರ ಹೇಗಿದೆಯೋ ಹಾಗೇ ಹೋಗುತ್ತದೆ ಎಂಬುದು ನಾನು ಕಲಿತ ಮೊದಲ ಪಾಠ.

ಪಿಎನ್‌ಜಿ ಎಂಬ ಇನ್ನೊಂದು ಬಗೆಯ ಚಿತ್ರದ ಫೈಲಿಗೆ ಬದಲಾಯಿಸಿದ ಮೇಲೆ ಮಸಿಯ ಕಾಟ ತಪ್ಪಿತು, ಏಕೆಂದರೆ ಅದು ಏನನ್ನೂ ಬಿಡದೆ ಉಳಿಸುತ್ತದೆ, ಅದರಲ್ಲೂ ಕೆಲವೇ ಬಣ್ಣಗಳ ಗೆರೆಚಿತ್ರಗಳನ್ನು ಚೆನ್ನಾಗಿಯೇ ಹಗುರ ಮಾಡುತ್ತದೆ. ಆದರೆ ನನ್ನ ನಕ್ಷೆಗಳು ಒಂದೇ ಪುಟದವಲ್ಲ. ಬಾಸಿಂಗ, ದಂಡಿಗೆ, ಅಂಚು ಎಂದು ನಾಲ್ಕೈದು ಪುಟಗಳಿದ್ದು, ಜೊತೆಗೆ ದಾರದ ಬಣ್ಣ ಮತ್ತು ಹೊಲಿಗೆಯ ಕ್ರಮ ಹೇಳುವ ಬರಹವೂ ಇರುತ್ತದೆ. ಐದು ಚಿತ್ರ ಕಳಿಸಿದರೆ ಮೂರನೆಯದು ಯಾವುದು, ನಾಲ್ಕನೆಯದು ಯಾವುದು ಎಂದು ಹುಡುಕುವ ಪಾಡು ಅವರದಾಯಿತು.

ಎಲ್ಲವನ್ನೂ ಒಟ್ಟಿಗೆ ಇಡಲು ವರ್ಡ್ ಫೈಲ್ ಮಾಡಿ ಕಳಿಸಿದ್ದೂ ಉಂಟು. ಅದನ್ನು ನಾನು ಹಳೆಯ ನುಡಿ ಫಾಂಟಿನಲ್ಲಿ ಬರೆದಿದ್ದೆ. ಅಂಥ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿರುತ್ತವೆ, ಆದ್ದರಿಂದ ಆ ಫಾಂಟ್ ಇಲ್ಲದ ಫೋನಿನಲ್ಲಿ ತೆರೆದರೆ ಕೊಂಬು, ಟೊಪ್ಪಿ ಹೊತ್ತ ಯಾವುದೋ ದೇಶದ ಅಕ್ಷರಗಳ ಸಾಲು ಕಾಣಿಸುತ್ತದೆ. ಪಡೆದವರೊಬ್ಬರು ಫೋನಿಗೆ ವೈರಸ್ ಬಂದಿದೆ ಎಂದುಕೊಂಡು ಫೈಲನ್ನು ಅಳಿಸಿಬಿಟ್ಟರು. 1991ರಲ್ಲೇ ಯುನಿಕೋಡ್ ಎಂಬ, ಎಲ್ಲ ಭಾಷೆಗಳಿಗೂ ಒಂದೇ ಆದ ಅಕ್ಷರ ವ್ಯವಸ್ಥೆಯಲ್ಲಿ ಕನ್ನಡಕ್ಕೆ ತನ್ನದೇ ಜಾಗ ಸಿಕ್ಕಿದ್ದರೂ ನಾನು ಅದಕ್ಕೆ ಬಂದದ್ದು ಈ ಪ್ರಸಂಗದ ನಂತರವೇ. ವಿಂಡೋಸ್‌ಗೆ ಸಿಗುವ ಕನ್ನಡ ಫಾಂಟುಗಳಲ್ಲಿ ಒಂದಕ್ಕೆ ತುಂಗಾ ಎಂದೇ ಹೆಸರು. ನಮ್ಮ ಹೊಳೆಯ ಹೆಸರು ಕಂಪ್ಯೂಟರಿನೊಳಗೆ ಇದ್ದೂ ನಾನು ಇಷ್ಟು ವರ್ಷ ಅದನ್ನು ಮುಟ್ಟಿರಲಿಲ್ಲ. ಆದರೆ ಯುನಿಕೋಡ್‌ಗೆ ಬಂದ ಮೇಲೂ ವರ್ಡ್ ಫೈಲು ಫೋನಿಗೊಂದು ರೂಪ ತಾಳುವುದು ನಿಲ್ಲಲಿಲ್ಲ. ಚಿತ್ರ ಒಂದು ಪುಟದಲ್ಲಿ, ಅದರ ವಿವರಣೆ ಮುಂದಿನ ಪುಟದಲ್ಲಿ.

ಇಷ್ಟರಲ್ಲಿ ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಬರೆಯುವುದನ್ನು ರೂಢಿ ಮಾಡಿಕೊಂಡೆ. ಅದರ ಎಸ್‌ವಿಜಿ ಫೈಲಿನಲ್ಲಿ ಚುಕ್ಕೆಗಳಿರುವುದಿಲ್ಲ, "ಇಲ್ಲಿಂದ ಅಲ್ಲಿಗೆ ಇಷ್ಟು ದಪ್ಪದ ಗೆರೆ" ಎಂಬ ಬರಹವಷ್ಟೇ ಇರುತ್ತದೆ. ಎಷ್ಟು ಹಿಗ್ಗಿಸಿದರೂ ನಾಲ್ಕು ಎಳೆ ನಾಲ್ಕಾಗಿಯೇ ಉಳಿಯುತ್ತದೆ. ನನಗಂತೂ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ ಎನ್ನಿಸಿ ಎಲ್ಲರಿಗೂ ಅದನ್ನೇ ಕಳಿಸತೊಡಗಿದೆ. ಒಂದು ವಾರದೊಳಗೆ ಸಾಗರ ಪೇಟೆಯ ಜೆರಾಕ್ಸ್ ಅಂಗಡಿಯ ಹುಡುಗ ನನ್ನೆದುರಿಗೇ, "ಮೇಡಂ, ಇದು ನಮ್ಮ ಸಿಸ್ಟಮ್‌ನಲ್ಲಿ ಓಪನ್ ಆಗ್ತಿಲ್ಲ, ಪಿಡಿಎಫ್ ಇದ್ರೆ ಕೊಡಿ" ಎಂದ. ಫೋನಿನಲ್ಲಿ ತೆರೆಯಲು ಹೋದವರಿಗೂ ಯಾವ ಆ್ಯಪ್ ಎಂಬ ಪ್ರಶ್ನೆ ಎದುರಾಗುತ್ತಿತ್ತು. ನಕ್ಷೆ ಬೇಕಾದವರು ಅದನ್ನು ತೆರೆಯುವುದು ಫೋನಿನಲ್ಲಿ, ಅಚ್ಚು ಹಾಕಿಸುವುದು ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ. ಈ ಎರಡು ಜಾಗಗಳಲ್ಲಿ ತೆರೆಯದ ಫೈಲು ಎಷ್ಟು ಚೆಲುವಾಗಿದ್ದರೂ ನನ್ನ ಮನೆಯಲ್ಲಿರಬೇಕಾದದ್ದು ಎಂದು ಅಂದೇ ತೀರ್ಮಾನಿಸಿದೆ. ಎಸ್‌ವಿಜಿ ಈಗ ನನ್ನ ಮೂಲಪ್ರತಿ. ತಿದ್ದುವುದು ಅದರಲ್ಲಿ, ಕಳಿಸುವುದು ಪಿಡಿಎಫ್.

ಪಿಡಿಎಫ್ 1993ರಲ್ಲಿ ಅಡೋಬಿ ಹೊರತಂದದ್ದು, 2008ರಿಂದ ಐಎಸ್‌ಒ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನಕ. ಪುಟದ ಅಳತೆ, ಗೆರೆ, ಫಾಂಟ್ ಎಲ್ಲವನ್ನೂ ತನ್ನೊಳಗೇ ಹೊತ್ತುಕೊಂಡು ಹೋಗುವುದರಿಂದ ಎದುರಿನವರ ಫೋನಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೂ ಒತ್ತಕ್ಷರ ಚೆದುರುವುದಿಲ್ಲ. ಆದರೆ ಪಿಡಿಎಫ್ ಒಂದು ಚೀಲವಷ್ಟೇ ಎಂಬುದನ್ನು ಬಹಳ ಜನ ಮರೆಯುತ್ತಾರೆ, ನಾನೂ ಮರೆತಿದ್ದೆ. ಫೋನಿನ ಸ್ಕ್ಯಾನರ್ ಆ್ಯಪಿನಿಂದ ನಕ್ಷೆಯ ಫೋಟೊ ತೆಗೆದು ಪಿಡಿಎಫ್ ಮಾಡಿದರೆ ಚೀಲದೊಳಗೆ ಇರುವುದು ಅದೇ ಮಸಿ ಎರಚಿದ ಫೋಟೊ. ಇಂಕ್‌ಸ್ಕೇಪಿನಿಂದ ನೇರವಾಗಿ ಪಿಡಿಎಫ್ ಆಗಿ ಉಳಿಸಿದರೆ ಒಳಗೆ ಹೋಗುವುದು ಗೆರೆಗಳು. ಪರೀಕ್ಷೆ ಸುಲಭ: ಫೋನಿನಲ್ಲಿ ಎರಡು ಬೆರಳಿಂದ ಎಷ್ಟು ಸಾಧ್ಯವೋ ಅಷ್ಟು ಹಿಗ್ಗಿಸಿ ನೋಡಬೇಕು. ಗೆರೆಯ ಅಂಚು ಚೂರಿಯಲ್ಲಿ ಕೊಯ್ದಂತೆ ಉಳಿದರೆ ಅದು ಗೆರೆ, ಮೆಟ್ಟಿಲಾಗಿ ಒಡೆದರೆ ಫೋಟೊ. ಗಾತ್ರದಲ್ಲೂ ಅಂತರವಿದೆ. ಐದು ಪುಟದ ನನ್ನ ಫೋಟೊ ಪಿಡಿಎಫ್ 11 ಎಂಬಿ ಇತ್ತು, ಅದೇ ನಕ್ಷೆ ಗೆರೆಯ ರೂಪದಲ್ಲಿ 300 ಕೆಬಿಯೊಳಗೆ ಬಂತು. ಆಷಾಢದಲ್ಲಿ ಕರೆಂಟೂ ಟವರೂ ಒಟ್ಟಿಗೇ ಹೋಗುವ ಊರಿನವರಿಗೆ ಈ ಅಂತರ ಏನೆಂದು ಹೇಳಬೇಕಾಗಿಲ್ಲ.

ಅಚ್ಚಿನ ವಿಷಯಕ್ಕೆ ಬಂದರೆ, ನನ್ನನ್ನು ಹೆಚ್ಚು ಕಾಡಿದ್ದು ಕೆಮ್ಮಣ್ಣು. ಗೋಡೆಯ ಮೇಲಿರುವಂತೆ ಕೆಂಪು ನೆಲದ ಮೇಲೆ ಬಿಳಿ ಎಳೆ ಎಳೆದು ಮೊದಲ ನಕ್ಷೆ ಮಾಡಿದ್ದೆ, ಪರದೆಯ ಮೇಲೆ ಅದು ಅತ್ತೆಯ ಗೋಡೆಯೇ ಎಂಬಂತಿತ್ತು. ಕಪ್ಪು-ಬಿಳುಪು ಜೆರಾಕ್ಸಿನಲ್ಲಿ ಕೆಂಪು ನೆಲ ಕಡುಬೂದಿಯಾಗಿ, ಕಪ್ಪು ಎಳೆಗಳು ಅದರಲ್ಲಿ ಮುಳುಗಿ, ಹಳದಿಗೂ ಬಿಳಿಗೂ ವ್ಯತ್ಯಾಸವೇ ಇಲ್ಲದಂತಾಯಿತು. ಈಗ ನೆಲವನ್ನು ಖಾಲಿ ಬಿಡುತ್ತೇನೆ. ಬಿಳಿ ದಾರಕ್ಕೆ ತೆಳು ಕಪ್ಪು ಗೆರೆ, ಕಪ್ಪು ದಾರಕ್ಕೆ ದಪ್ಪ ಗೆರೆ, ಹಳದಿಗೆ ತುಂಡು ಗೆರೆ. ನಕ್ಷೆಯ ಪ್ರತಿ ಹತ್ತು ಮನೆಗೆ, ಅಂದರೆ ಚೌಕಕ್ಕೆ, ಒಂದು ತುಸು ಗಾಢವಾದ ಅಡ್ಡ ಮತ್ತು ಉದ್ದ ಗೆರೆ. ಬಣ್ಣದ ಚಿತ್ರ ಮೊದಲ ಪುಟದಲ್ಲಿ ಒಂದೇ ಒಂದು, ಅದೂ ಚಿಕ್ಕದು. ಬಣ್ಣವನ್ನು ಬಣ್ಣದಿಂದಲೇ ಹೇಳುವ ನಕ್ಷೆ ನೋಡಲು ಚೆಂದವೇ ಸರಿ, ಆದರೆ ಎರಡು ರೂಪಾಯಿಯ ಜೆರಾಕ್ಸಿಗೆ ಅದು ಆಗಿಬರುವುದಿಲ್ಲ.

ಅಳತೆ ಇನ್ನೊಂದು ತೊಡಕು. ಮ್ಯಾಟಿಯ ಮೇಲೆ ಮನೆ ಎಣಿಸಿ ಹಾಕುವ ನಕ್ಷೆ ಎಷ್ಟು ಕುಗ್ಗಿದರೂ ತೊಂದರೆಯಿಲ್ಲ. ಇಂಚಿಗೆ 14 ಮನೆಯ ಬಟ್ಟೆಯಲ್ಲಿ 84 ಮನೆಯ ಬಾಸಿಂಗ ಆರು ಇಂಚೇ ಬರುತ್ತದೆ. ತೋಳಿನ ಪಟ್ಟಿಯಂತೆ ಕಾರ್ಬನ್ ಇಟ್ಟು ತಿದ್ದುವ ನಕ್ಷೆ ಹಾಗಲ್ಲ. ನನ್ನ ಪುಟ ಗೊತ್ತಿಲ್ಲದೆ ಅಮೆರಿಕದ ಲೆಟರ್ ಅಳತೆಯಲ್ಲಿ, ಅಂದರೆ 216 ಮಿ.ಮೀ. ಅಗಲದಲ್ಲಿ ಉಳಿದುಬಿಟ್ಟಿತ್ತು. ಅಂಗಡಿಯಲ್ಲಿ ಅದನ್ನು 210 ಮಿ.ಮೀ. ಅಗಲದ ಎ4ಗೆ ಹೊಂದಿಸಿ ಅಚ್ಚು ಹಾಕಿದಾಗ ನೂರಕ್ಕೆ ಮೂರರಷ್ಟು ಕುಗ್ಗಿತು. ಅರ್ಧ ಸುತ್ತಿನ 14 ಸೆಂ.ಮೀ. ಪಟ್ಟಿ 13.6 ಆಯಿತು, ಎರಡು ಸೇರಿದಾಗ ತೋಳಿನ ಸುತ್ತಿಗೆ 8 ಮಿ.ಮೀ. ಸಾಲದೆ ಚಿತ್ತಾರದ ಕೊನೆಗಳು ಒಂದನ್ನೊಂದು ಮುಟ್ಟಲಿಲ್ಲ. ರವಿಕೆ ನಾದಿನಿಯದು, ಅದೂ ಮದುವೆಗೆ ಹೊಲಿಸಿದ್ದು. ಅಂದಿನಿಂದ ಪ್ರತಿ ಪುಟದ ಕೆಳಗೆ 10 ಸೆಂ.ಮೀ. ಉದ್ದದ ಒಂದು ಗೆರೆ ಎಳೆದು, "ಸ್ಕೇಲಿಟ್ಟು ಅಳೆಯಿರಿ, ಹತ್ತು ಬರದಿದ್ದರೆ ಆಕ್ಚುವಲ್ ಸೈಜ್ ಎಂದು ಹೇಳಿ ಮತ್ತೆ ಅಚ್ಚು ಹಾಕಿಸಿ" ಎಂದು ಬರೆಯುತ್ತೇನೆ.

ಉಳಿದ ಬಗೆಗಳು ಕೇಳಿದವರಿಗೆ ಮಾತ್ರ. ಎಂಡಿಎಫ್ ಹಲಗೆಯಲ್ಲಿ ಚಿತ್ತಾರ ಕೊಯ್ಯಿಸಲು ಶಿವಮೊಗ್ಗದ ಲೇಸರ್ ಅಂಗಡಿಯವರು ಡಿಎಕ್ಸ್‌ಎಫ್ ಎಂಬ ಗೆರೆಯ ಫೈಲು ಕೇಳುತ್ತಾರೆ. ಅದರಲ್ಲಿ ಅಂಕಿ ಇಂಚಿನದ್ದೋ ಮಿಲಿಮೀಟರಿನದ್ದೋ ಎಂಬ ಗೊಂದಲ ಆಗುವುದುಂಟು, ಆದ್ದರಿಂದ ಒಟ್ಟು ಅಗಲವನ್ನು ಬಾಯಲ್ಲೂ ಹೇಳಿಬಿಡುತ್ತೇನೆ. ಕಂಪ್ಯೂಟರ್ ಎಂಬ್ರಾಯಿಡರಿ ಯಂತ್ರದವರಿಗೆ ಡಿಎಸ್‌ಟಿ ಬೇಕು. ಅದು ಚಿತ್ರವಲ್ಲ, ಸೂಜಿ ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಮಿಲಿಮೀಟರಿನ ಹತ್ತನೆಯ ಒಂದರ ಲೆಕ್ಕದಲ್ಲಿ ಹೇಳುವ ಪಟ್ಟಿ. ದಾರದ ಬಣ್ಣ ಅದರಲ್ಲಿ ಇರುವುದಿಲ್ಲ, ಹಿಗ್ಗಿಸಿದರೆ ಹೊಲಿಗೆ ಬಿರುಕು ಬಿಡುತ್ತದೆ. ಎಕ್ಸೆಲ್ ಚೌಕಗಳಿಗೆ ಬಣ್ಣ ತುಂಬಿ ಕಳಿಸಿ ಎಂದವರಿಗೆ ಇಲ್ಲ ಎಂದಿದ್ದೇನೆ, ಫೋನಿನಲ್ಲಿ ತೆರೆದಾಗ ಚೌಕವೇ ಚೌಕವಾಗಿ ಉಳಿದಿರಲಿಲ್ಲ.

ಅತ್ತೆಯ ಹಳೆಯ ಪಟ್ಟಿಪುಸ್ತಕವೊಂದಿದೆ, ಮಗಳಿಗೆ ತೋರಿಸಲೆಂದು ಪೆನ್ಸಿಲಿನಲ್ಲಿ ಅವರು ಬರೆದ ಚಿತ್ತಾರಗಳು ಅದರಲ್ಲಿವೆ. ಅದನ್ನು ಮಾತ್ರ ನಾನು ಗೆರೆಯ ಫೈಲಿಗೆ ಇಳಿಸಲಿಲ್ಲ. ಇಂಕ್‌ಸ್ಕೇಪಿನಲ್ಲಿ ಎಳೆದರೆ ಎಳೆಗಳು ನೆಟ್ಟಗಾಗುತ್ತವೆ, ಅವರು ಎಲ್ಲಿ ಕೈ ಎತ್ತಿದರು, ಎಲ್ಲಿ ಅಳಿಸಿ ಮತ್ತೆ ಎಳೆದರು ಎಂಬುದು ಹೋಗಿಬಿಡುತ್ತದೆ. ಇಂಚಿಗೆ 600 ಚುಕ್ಕೆಯಂತೆ ಸ್ಕ್ಯಾನ್ ಮಾಡಿಸಿ, ಟಿಫ್ ಎಂಬ ದೊಡ್ಡ ಗಾತ್ರದ ಚಿತ್ರದ ಫೈಲಿನ ರೂಪದಲ್ಲಿ ಎರಡು ಪೆನ್‌ಡ್ರೈವಿನಲ್ಲಿ ಇಟ್ಟಿದ್ದೇನೆ. ಪುಟವೊಂದಕ್ಕೆ ನೂರು ಎಂಬಿಯ ಹತ್ತಿರ ಬರುವ ಆ ಫೈಲುಗಳನ್ನು ಯಾರಿಗೂ ಕಳಿಸುವುದಿಲ್ಲ. ನೋಡಬೇಕೆಂದವರು ಮನೆಗೇ ಬಂದು ಪುಸ್ತಕ ನೋಡುತ್ತಾರೆ.