ಕೋಚ್ ಬೇಕೋ, ಮೆಂಟರ್ ಬೇಕೋ: ದುಡ್ಡು ಕಟ್ಟುವ ಮುಂಚೆ

ನಮ್ಮ ಬೆಳಗಾವಿಯಲ್ಲಿ ಕೋಚಿಂಗ್ ಅಂದರೆ ಪಿಎಸ್‌ಐ, ಕೆಎಎಸ್ ಪರೀಕ್ಷೆಯ ಕ್ಲಾಸೇ ನೆನಪಾಗುತ್ತದೆ, ಅಲ್ವಾ? ಇಲ್ಲಿ ಹೇಳುತ್ತಿರುವುದು ಅದಲ್ಲ. ಕೆಲಸಕ್ಕೆ ಸೇರಿ ಐದಾರು ವರ್ಷ ಆಗಿದೆ, ಮುಂದೆ ಹೋಗಬೇಕು, ಆದರೆ ಎಲ್ಲೋ ಸಿಕ್ಕಿಕೊಂಡಿದ್ದೀರಿ. ಆಗ ಯಾರ ಹತ್ತಿರ ಹೋಗಬೇಕು: ಪ್ರಶ್ನೆ ಕೇಳಿ ನಿಮ್ಮಿಂದಲೇ ದಾರಿ ಹೊರಡಿಸುವ ಕೋಚ್ ಹತ್ತಿರವೋ, ಅದೇ ಕೆಲಸ ಮಾಡಿ ಬಂದ ಮೆಂಟರ್ ಹತ್ತಿರವೋ?

ನಾನು ಇಲ್ಲಿನ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ, ಅಂದರೆ ಕರಗಿಸಿದ ಲೋಹವನ್ನು ಮರಳಿನ ಅಚ್ಚಿಗೆ ಹುಯ್ಯುವ ಕಾರ್ಖಾನೆಯಲ್ಲಿ, ಕ್ವಾಲಿಟಿ ನೋಡುತ್ತಿದ್ದೆ. ಅಲ್ಲಿಂದ ಪ್ರೊಡಕ್ಷನ್‌ಗೆ ಹಾಕಿದರು. ರಿಜೆಕ್ಷನ್ ಜಾಸ್ತಿ ಆಯಿತು, ರಾತ್ರಿ ಪಾಳಿಯವರು ಮಾತು ಕೇಳುತ್ತಿರಲಿಲ್ಲ. ಗಾಬರಿಯಾಗಿ ಆನ್‌ಲೈನ್‌ನಲ್ಲಿ ಒಬ್ಬ ಕೋಚ್ ಹುಡುಕಿ ಆರು ಸೆಷನ್‌ಗೆ ದುಡ್ಡು ಕಟ್ಟಿದೆ. ಅವರು ಒಳ್ಳೆಯವರೇ. ಆದರೆ ಕಾಸ್ಟಿಂಗ್‌ನಲ್ಲಿ (ಎರಕದಲ್ಲಿ) ಬ್ಲೋಹೋಲ್, ಅಂದರೆ ಗ್ಯಾಸಿನ ತೂತು, ಯಾಕೆ ಬರುತ್ತಿದೆ, ಮೋಲ್ಡಿಂಗ್‌ನವರಿಗೂ ಮೆಲ್ಟಿಂಗ್‌ನವರಿಗೂ ಜಗಳ ಬಿದ್ದರೆ ಮೊದಲು ಯಾರನ್ನು ಕರೆದು ಮಾತಾಡಿಸಬೇಕು ಅನ್ನುವುದು ಅವರಿಗೆ ಹೇಗೆ ಗೊತ್ತಾಗಬೇಕು? ಅದನ್ನು ಬಿಡಿಸಿ ಹೇಳಿದ್ದು ಮಚ್ಛೆ ಕಡೆಯ ಒಬ್ಬ ನಿವೃತ್ತ ಫೋರ್‌ಮನ್ ಕಾಕಾ. "ತಮ್ಮಾ, ಮೊದಲ ಮರಳಿನ ಹಸಿ ನೋಡು, ಆಮ್ಯಾಲ ಮಂದಿ ಮ್ಯಾಲ ಸಿಟ್ಟಾಗು" ಅಂದರು. ಮರಳಿನಲ್ಲಿ ತೇವ ಜಾಸ್ತಿಯಾದರೆ ಗ್ಯಾಸ್ ಹಿಡಿದು ಬ್ಲೋಹೋಲ್ ಬರುತ್ತದೆ. ನಾನು ಮಾತ್ರ ಆಳುಗಳನ್ನು ಬೈಯುತ್ತಾ ಕೂತಿದ್ದೆ.

ಎರಡು ವರ್ಷದ ಮೇಲೆ ಬೇರೆ ತೊಡಕು ಬಂತು. ಮಾಲಕರು ಆಗದ ತಾರೀಖು ಕೊಟ್ಟರೂ ಮೀಟಿಂಗ್‌ನಲ್ಲಿ "ಆಗಲ್ಲ ಸರ್" ಅನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಕಾಕಾನನ್ನು ಕೇಳಿದರೆ "ಹೇಳಿಬಿಡು, ಅದರಾಗೇನೈತಿ" ಅಂದರು. ಹೇಳಬೇಕು ಅಂತ ನನಗೂ ಗೊತ್ತಿತ್ತು. ಈ ಸಲ ಕೆಲಸಕ್ಕೆ ಬಂದದ್ದು ಕೋಚ್.

ಹಾಗಾಗಿ ಮೊದಲು ಒಂದು ಹಾಳೆ ತಗೊಂಡು ನಿಮ್ಮ ತೊಡಕನ್ನು ಒಂದೇ ಸಾಲಿನಲ್ಲಿ ಬರೆಯಿರಿ. ಆ ಸಾಲು "ಹೇಗೆ ಅಂತ ಗೊತ್ತಿಲ್ಲ" ಅಂತಿದ್ದರೆ, ಆ ದಾರಿ ನಡೆದು ಬಂದ ಮೆಂಟರ್ ಬೇಕು. "ಗೊತ್ತಿದೆ, ಆದರೆ ಮಾಡಲು ಆಗುತ್ತಿಲ್ಲ" ಅಂತಿದ್ದರೆ ಕೋಚ್. ಸಿಎನ್‌ಸಿ ಪ್ರೋಗ್ರಾಮಿಂಗ್, ಎಕ್ಸೆಲ್ ತರಹದ್ದಾದರೆ ಇಬ್ಬರೂ ಬೇಡ, ಕ್ಲಾಸಿಗೆ ಸೇರಿ.

ಮೆಂಟರ್ ಹುಡುಕುವಾಗ ನಿಮ್ಮ ಸ್ವಂತ ಬಾಸ್ ಬೇಡ. ಅವರ ಮುಂದೆ ತಪ್ಪು ಒಪ್ಪಿಕೊಳ್ಳುವುದು ಕಷ್ಟ, ನಿಮ್ಮ ಇನ್‌ಕ್ರಿಮೆಂಟ್ ಅವರ ಕೈಯಲ್ಲೇ ಇರುತ್ತದೆ. ನಿಮಗಿಂತ ಎಂಟು ಹತ್ತು ವರ್ಷ ಮುಂದಿರುವವರು ಸಾಕು. ತೀರಾ ಮೇಲಿರುವವರಿಗೆ ಶಾಪ್ ಫ್ಲೋರಿನ ದಿನನಿತ್ಯದ ಕಷ್ಟ ಮರೆತು ಹೋಗಿರುತ್ತದೆ. ಕಾಲೇಜಿನ ಸೀನಿಯರ್‌ಗಳು, ಹಳೆಯ ಕಂಪನಿಯವರು, ಊರಿನ ಫೌಂಡ್ರಿ ಸಂಘಗಳ ಕಾರ್ಯಕ್ರಮಕ್ಕೆ ಬರುವ ಹಿರಿಯರು, ಇಂಥವರಲ್ಲಿ ನೋಡಿ. ಮೊದಲ ದಿನವೇ "ನನಗೆ ಮೆಂಟರ್ ಆಗ್ತೀರಾ" ಅಂತ ಕೇಳಬೇಡಿ, ಅದು ದೊಡ್ಡ ಹೊರೆ ಹೊರಿಸಿದ ಹಾಗೆ ಕೇಳಿಸುತ್ತದೆ. "ಸರ್, ಈ ಒಂದು ವಿಷಯ ಕೇಳಬೇಕಿತ್ತು, ಭಾನುವಾರ ಅರ್ಧ ಗಂಟೆ ಸಿಗುತ್ತಾ" ಅನ್ನಿ. ಹೋಗುವಾಗ ಒಂದೇ ಪ್ರಶ್ನೆ ಇಟ್ಟುಕೊಂಡು ಹೋಗಿ. ಮುಖ್ಯವಾದದ್ದು ಆಮೇಲಿನದು: ಅವರು ಹೇಳಿದ್ದನ್ನು ಮಾಡಿ ನೋಡಿ, ಏನಾಯಿತು ಅಂತ ಎರಡು ವಾರದೊಳಗೆ ಫೋನ್ ಮಾಡಿ ಹೇಳಿ. ಕಾಕಾ ನನಗೆ ಇಷ್ಟು ಸಮಯ ಕೊಟ್ಟದ್ದು ಈ ಫೋನ್‌ಗಳಿಂದಲೇ ಅಂತ ನಾನು ನಂಬಿದ್ದೇನೆ.

ಕೋಚ್ ವಿಷಯದಲ್ಲಿ ಜಾಸ್ತಿ ಹುಷಾರಾಗಿರಬೇಕು, ಯಾಕಂದರೆ ನಮ್ಮಲ್ಲಿ ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳಬಹುದು, ಲೈಸೆನ್ಸ್ ಬೇಕಿಲ್ಲ. 1995ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ಕೊಡುವ ಅರ್ಹತೆಗಳಿವೆ. ಎಸಿಸಿ ಅನ್ನುವ ಮೊದಲ ಹಂತಕ್ಕೇ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ ಬೇಕು, ಮುಂದಿನ ಪಿಸಿಸಿಗೆ 500 ಗಂಟೆ ಅನುಭವ. ಯಾವುದಿದೆ ಅಂತ ನೇರವಾಗಿ ಕೇಳಿ, ಸಂಕೋಚ ಬೇಡ. ಮೊದಲ ಮಾತುಕತೆಗೆ ಬಹಳ ಜನ ದುಡ್ಡು ತಗೊಳ್ಳುವುದಿಲ್ಲ. ಆವತ್ತು ಯಾರು ಜಾಸ್ತಿ ಮಾತಾಡಿದರು ಅಂತ ಗಮನಿಸಿ. ಒಳ್ಳೆಯ ಕೋಚ್ ಸಲಹೆ ಸುರಿಯುವುದಿಲ್ಲ. ನಿಮಗೆ ಏನು ಬೇಕು, ಈಗ ಎಲ್ಲಿದ್ದೀರಿ, ಯಾವ ಯಾವ ದಾರಿ ಇವೆ, ಯಾವುದನ್ನು ಯಾವತ್ತು ಮಾಡುತ್ತೀರಿ ಅಂತ ನಿಮ್ಮ ಬಾಯಿಂದಲೇ ಹೊರಡಿಸುತ್ತಾರೆ. ಗ್ರೋ ಅಂತ ಕರೆಯುವ ಪದ್ಧತಿ ಇದೇ. ವರ್ಷದ ಪ್ಯಾಕೇಜ್ ತಗೋ ಅಂತ ಒತ್ತಾಯ ಮಾಡಿದರೆ ಎದ್ದು ಬನ್ನಿ. ಮೂರು ಸೆಷನ್ ಕೇಳಿ.

ಕಂಪನಿಯೇ ಕೋಚ್‌ಗೆ ದುಡ್ಡು ಕೊಡುತ್ತಿದ್ದರೆ ಇನ್ನೊಂದು ಮಾತು. ನೀವು ಒಳಗೆ ಹೇಳಿದ್ದರಲ್ಲಿ ಎಷ್ಟು ಎಚ್‌ಆರ್‌ಗೆ, ಮಾಲಕರಿಗೆ ಹೋಗುತ್ತದೆ ಅನ್ನುವುದನ್ನು ಮೊದಲ ಸೆಷನ್‌ಗೆ ಕೂರುವ ಮುಂಚೆಯೇ ಬರವಣಿಗೆಯಲ್ಲಿ ತಗೊಳ್ಳಿ.