ವಿಭಾಗಕ್ಕೆ ವಿದೇಶಿ ವಿದ್ಯಾರ್ಥಿ ಬಂದರೆ ಏನೇನು ಮಾಡಬೇಕು?

ಮೈಸೂರಿನ ಮಾನಸಗಂಗೋತ್ರಿಯಂಥ ಕ್ಯಾಂಪಸ್ಸಿಗೆ ಎಂ.ಎಸ್ಸಿ., ಪಿಎಚ್.ಡಿ. ಮಾಡಲು ಹೊರದೇಶಗಳಿಂದ ವಿದ್ಯಾರ್ಥಿಗಳು ಬರುವುದು ಹೊಸದೇನಲ್ಲ. ಬಂದವರಿಗೆ ಹಾರ, ಫೋಟೊ ಎಲ್ಲ ಆಗುತ್ತದೆ. ಆದರೆ ಮೊದಲ ಎರಡು ವಾರ ಅವರಿಗೆ ಬೇಕಾಗಿರುವುದು ನಿಮ್ಮ ಸಹಿ ಮತ್ತು ಸೀಲು.

1. ಮೊದಲು ಕಾಗದಪತ್ರ
180 ದಿನಕ್ಕಿಂತ ಜಾಸ್ತಿ ಅವಧಿಯ ವಿದ್ಯಾರ್ಥಿ ವೀಸಾ ಇದ್ದರೆ, ಭಾರತಕ್ಕೆ ಬಂದ 14 ದಿನದೊಳಗೆ ಎಫ್‌ಆರ್‌ಆರ್‌ಒದಲ್ಲಿ (ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ) ನೋಂದಣಿ ಆಗಬೇಕು. ಅರ್ಜಿ ಆನ್‌ಲೈನ್. ಪಾಸ್‌ಪೋರ್ಟ್, ವೀಸಾ, ವಿಳಾಸದ ದಾಖಲೆಯ ಜೊತೆ ಬೊನಫೈಡ್ ಸರ್ಟಿಫಿಕೇಟ್, ಅಂದರೆ ಇವರು ನಮ್ಮಲ್ಲೇ ಓದುತ್ತಿದ್ದಾರೆ ಎಂಬ ಪತ್ರ, ಕೇಳುತ್ತಾರೆ. ಶುಕ್ರವಾರ ಬಂದವರಿಗೆ ‘ಕ್ಲಾರ್ಕ್ ರಜೆ, ಸೋಮವಾರ ಬನ್ನಿ’ ಅಂದರೆ ಆ 14ರಲ್ಲಿ ಮೂರು ದಿನ ಸುಮ್ನೆ ಹೋಯಿತು. ಬೊನಫೈಡನ್ನು ಮೊದಲೇ ಟೈಪ್ ಮಾಡಿಸಿಡಿ. ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ, ಒಂದಕ್ಷರವೂ ಆಚೀಚೆ ಆಗಬಾರದು.

2. ಮನೆ ಹುಡುಕಲು ಜೊತೆಗೆ ಹೋಗಿ
ವಿದೇಶಿಯರು ಬಂದು ಉಳಿದ 24 ಗಂಟೆಯೊಳಗೆ ಮಾಲೀಕರು ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ಜನ ಇದನ್ನು ಸಿ ಫಾರಂ ಎನ್ನುತ್ತಾರೆ. ಪೊಲೀಸ್ ತಾಪತ್ರಯ ಯಾಕೆ ಎಂದು, ‘ಮನೆ ಬಾಡಿಗೆಗಿದೆ’ ಬೋರ್ಡು ತೂಗುತ್ತಿದ್ದರೂ ‘ಮನೆ ಕೊಟ್ಟಾಯ್ತು’ ಅನ್ನುವವರಿದ್ದಾರೆ. (ಮೈಬಣ್ಣ ನೋಡಿ ಹಾಗನ್ನುವವರೂ ಇದ್ದಾರೆ, ಮುಚ್ಚಿಟ್ಟು ಏನು ಪ್ರಯೋಜನ?) ವಿಭಾಗದವರೊಬ್ಬರು ಹೋಗಿ ಫಾರಂ ತುಂಬಿಸಿಕೊಟ್ಟರೆ ಎಷ್ಟೋ ಕಡೆ ಮಾತು ಬದಲಾಗುತ್ತದೆ.

3. ಮೆಸ್ಸಿನಲ್ಲಿ ಹೇಳಿಡಿ
ರಂಜಾನ್‌ನಲ್ಲಿ ಬೆಳಗಿನ ಜಾವದ ಊಟಕ್ಕೆ ಏನು ವ್ಯವಸ್ಥೆ? ದಸರಾ ರಜೆಯಲ್ಲಿ ಮೆಸ್ ಮುಚ್ಚಿದರೆ ಊರಿಗೆ ಹೋಗಲಾಗದವರು ಎಲ್ಲಿ ಉಣ್ಣಬೇಕು? ವಾರ್ಡನ್ ಹತ್ತಿರ ಮುಂಚೆಯೇ ಮಾತಾಡಿ.

4. ಲ್ಯಾಬಿನ ಮಾತು
ಇದಕ್ಕೆ ಯಾವ ಅರ್ಜಿಯೂ ಇಲ್ಲ, ಅದಕ್ಕೇ ಯಾರೂ ಗಮನಿಸುವುದಿಲ್ಲ. ಮೀಟಿಂಗ್ ಇಂಗ್ಲಿಷಿನಲ್ಲಿ ಶುರುವಾಗುತ್ತದೆ, ಐದು ನಿಮಿಷಕ್ಕೆ ಕನ್ನಡಕ್ಕೆ ಹೊರಳುತ್ತದೆ. ಎಲ್ಲರೂ ನಗುತ್ತಾರೆ, ಮೂಲೆಯಲ್ಲಿ ಕೂತವರು ನೋಟ್‌ಬುಕ್ ನೋಡುತ್ತಾರೆ. ಕನ್ನಡ ಬಿಡಿ ಅಂತಲ್ಲ. ಪಕ್ಕದಲ್ಲಿದ್ದವರು ಎರಡು ಮಾತಿನಲ್ಲಿ ತಿಳಿಸಿದರೆ ಸಾಕು. ಯಂತ್ರ ಬಳಸುವ ಸರದಿ, ಸೆಮಿನಾರ್ ದಿನಾಂಕ ಮಾತ್ರ ಬರವಣಿಗೆಯಲ್ಲೇ ಇರಲಿ. ಕಾರಿಡಾರಿನಲ್ಲಿ ಬಾಯಿಮಾತಿನಲ್ಲಿ ತೀರ್ಮಾನವಾದದ್ದು ಅವರಿಗೆ ತಲುಪುವುದೇ ಇಲ್ಲ. ಸಂಜೆ ಟೀಗೆ ಹೋಗುವಾಗ ಅವರನ್ನೂ ಕರೆಯಿರಿ. ‘ಸ್ವಲ್ಪ ಸಕ್ಕರೆ’, ‘ಚಿಲ್ಲರೆ ಇಲ್ಲ’ ಕಲಿಯಲು ಅದಕ್ಕಿಂತ ಒಳ್ಳೆ ಕ್ಲಾಸ್ ಇಲ್ಲ ಅಲ್ವಾ?

5. ವೀಸಾ ದಿನಾಂಕ ಗೈಡ್ ಡೈರಿಯಲ್ಲೂ ಇರಲಿ
ಪಿಎಚ್.ಡಿ. ಅಂದುಕೊಂಡಷ್ಟು ಬೇಗ ಮುಗಿಯುವುದಿಲ್ಲ, ವೀಸಾ ಕಾಯುವುದಿಲ್ಲ. ಅವಧಿ ವಿಸ್ತರಣೆಗೆ ಮತ್ತೆ ಬೊನಫೈಡ್ ಬೇಕು. ಗೈಡ್ ಊರಲ್ಲಿಲ್ಲದಾಗ ಅದಕ್ಕೆ ಯಾರು ಸಹಿ ಹಾಕುತ್ತಾರೆ ಎಂಬುದನ್ನು ಈಗಲೇ ಗೊತ್ತು ಮಾಡಿಡಿ.