ಪ್ರಮಾಣಪತ್ರಕ್ಕಾಗಿ ಕಾಯದೆ ಆರಂಭಿಸಿ: ಸರ್ಕಾರಿ ಶಾಲೆಯಲ್ಲಿ ವಿಕಲಚೇತನರ ಹಕ್ಕುಗಳ ಕಾಯ್ದೆ ಜಾರಿಯ ಕ್ರಮ

ವಿಶೇಷ ಅಗತ್ಯವುಳ್ಳ ಮಗುವಿನ ಮಾತು ಬಂದಾಗ ನಮ್ಮ ಸರ್ಕಾರಿ ಶಾಲೆಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ "ಸರ್ಟಿಫಿಕೇಟ್ ಇದೆಯಾ?" ಎಂಬುದು. ಈ ಅಭ್ಯಾಸಕ್ಕೆ ಹಿನ್ನೆಲೆಯಿದೆ. 1995ರ ಅಂಗವಿಕಲರ ಕಾಯ್ದೆಯ ಪ್ರಕಾರ, ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿದೆ ಎಂದು ವೈದ್ಯಕೀಯ ಪ್ರಾಧಿಕಾರ ದೃಢಪಡಿಸಿದವರು ಮಾತ್ರ ಅಂಗವಿಕಲರು ಎನಿಸುತ್ತಿದ್ದರು. 2017ರ ಏಪ್ರಿಲ್ 19ರಂದು ಜಾರಿಗೆ ಬಂದ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016 ಆ ಕಟ್ಟನ್ನು ಬಿಚ್ಚಿತು. ವೈಕಲ್ಯಗಳ ಪಟ್ಟಿ 7ರಿಂದ 21ಕ್ಕೆ ಬೆಳೆದದ್ದು ತರಬೇತಿಗಳಲ್ಲಿ ಎಲ್ಲರೂ ಕೇಳಿರುವ ವಿಷಯ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಬದಲಾವಣೆಯೆಂದರೆ, ಕಾಯ್ದೆಯು ಈಗ ಎರಡು ಬೇರೆ ಬೇರೆ ವ್ಯಾಖ್ಯೆಗಳನ್ನು ಕೊಡುತ್ತದೆ. ದೀರ್ಘಕಾಲದ ನ್ಯೂನತೆಯಿಂದಾಗಿ, ಸುತ್ತಲಿನ ಅಡೆತಡೆಗಳ ನಡುವೆ ಇತರರಂತೆ ಪಾಲ್ಗೊಳ್ಳಲಾಗದ ಯಾರೇ ಆದರೂ ವಿಕಲಚೇತನ ವ್ಯಕ್ತಿ. ಅಲ್ಲಿ ಶೇಕಡಾವಾರಿನ ಮಾತೇ ಇಲ್ಲ. ಶೇಕಡಾ 40ರ ಗೆರೆ ಇರುವುದು ಮಾನದಂಡ ವೈಕಲ್ಯ ಎಂಬ ಎರಡನೆಯ ವ್ಯಾಖ್ಯೆಯಲ್ಲಿ ಮಾತ್ರ.

ಶಾಲೆಯ ಕೆಲಸವನ್ನು ಈ ಭೇದದಿಂದಲೇ ಆರಂಭಿಸಬೇಕು. ಮುಖ್ಯಶಿಕ್ಷಕರು ಕಾಯ್ದೆಯ 16, 17 ಮತ್ತು 31ನೆಯ ಪ್ರಕರಣಗಳನ್ನು ಮುದ್ರಿಸಿಕೊಂಡು, ಒಂದು ಹಾಳೆಯನ್ನು ನಡುವೆ ಗೆರೆ ಎಳೆದು ಎರಡು ಭಾಗ ಮಾಡಲಿ. ತಾರತಮ್ಯವಿಲ್ಲದೆ ದಾಖಲಿಸುವುದು, ಕಟ್ಟಡವನ್ನು ಸುಗಮಗೊಳಿಸುವುದು, ಮಗುವಿನ ಅಗತ್ಯಕ್ಕೆ ತಕ್ಕ ಸಮುಚಿತ ಅನುಕೂಲ ಕಲ್ಪಿಸುವುದು, ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸುವುದು, ಪ್ರತಿ ಮಗುವಿನ ಪ್ರಗತಿಯನ್ನು ಗಮನಿಸುವುದು – 16ನೆಯ ಪ್ರಕರಣದ ಈ ಕರ್ತವ್ಯಗಳೆಲ್ಲ ಎಡಭಾಗಕ್ಕೆ ಬರುತ್ತವೆ, ಇವುಗಳಿಗೆ ಶೇಕಡಾ 40ರ ಪ್ರಮಾಣಪತ್ರ ಬೇಕಿಲ್ಲ. 18 ವರ್ಷದವರೆಗೆ ಉಚಿತ ಪುಸ್ತಕ ಮತ್ತು ಸಾಧನಗಳು, ಸೂಕ್ತ ಪ್ರಕರಣಗಳಲ್ಲಿ ವಿದ್ಯಾರ್ಥಿವೇತನ, 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಇವು ಮಾನದಂಡ ವೈಕಲ್ಯ ಇದ್ದವರಿಗೆ ಸಲ್ಲುವುದರಿಂದ ಬಲಭಾಗಕ್ಕೆ ಸೇರುತ್ತವೆ. ಸರ್ವೋಚ್ಚ ನ್ಯಾಯಾಲಯವೂ 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ, ಪರೀಕ್ಷೆಯಲ್ಲಿ ಉತ್ತರ ಬರೆದುಕೊಡುವ ಲಿಪಿಕಾರರ ನೆರವನ್ನು ಮಾನದಂಡ ವೈಕಲ್ಯ ಇದ್ದವರಿಗಷ್ಟೇ ಸೀಮಿತಗೊಳಿಸುವಂತಿಲ್ಲ ಎಂದು ಸ್ಪಷ್ಟಪಡಿಸಿದೆ. ಎಡಭಾಗದ ಕೆಲಸಗಳನ್ನು ಪ್ರಮಾಣಪತ್ರದ ನೆಪದಲ್ಲಿ ಮುಂದೂಡುವುದು ಕಾಯ್ದೆಯ ಉಲ್ಲಂಘನೆಯೇ ಆಗುತ್ತದೆ.

ಎರಡನೆಯ ಕೆಲಸ ಮಕ್ಕಳನ್ನು ಗುರುತಿಸುವುದು, ಮತ್ತು ಹೆಚ್ಚಿನ ಸಮಯ ಬೇಡುವುದೂ ಇದೇ. ಗಾಲಿಕುರ್ಚಿಯಲ್ಲಿ ಬರುವ ಮಗು ಎಲ್ಲರ ಕಣ್ಣಿಗೂ ಬೀಳುತ್ತದೆ. ಓದಲಾಗದೆ ಮೂರು ವರ್ಷ ಹಿಂದಿನ ಬೆಂಚಿನಲ್ಲಿ ಕುಳಿತ ಮಗು ಬೀಳುವುದಿಲ್ಲ. ನಿರ್ದಿಷ್ಟ ಕಲಿಕಾ ನ್ಯೂನತೆಯ ವಿಚಾರದಲ್ಲಿ ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯು, ಮೂರನೆಯ ತರಗತಿಯಲ್ಲಿ ಅಥವಾ ಎಂಟು ವರ್ಷ ವಯಸ್ಸಿನಲ್ಲಿ ಶಿಕ್ಷಕರೇ ಪ್ರಾಥಮಿಕ ತಪಾಸಣೆ ನಡೆಸಬೇಕೆಂದೂ ಪ್ರತಿ ಶಾಲೆಯಲ್ಲೂ ಮುಖ್ಯಸ್ಥರ ನೇತೃತ್ವದ ತಪಾಸಣಾ ಸಮಿತಿ ಇರಬೇಕೆಂದೂ ಹೇಳಿತ್ತು. ಆದ್ದರಿಂದ ನಲಿಕಲಿ ಮುಗಿಸಿ ನಾಲ್ಕನೆಯ ತರಗತಿಗೆ ಬರುವ ಮುನ್ನವೇ ಪ್ರತಿ ಮಗುವನ್ನೂ ಒಮ್ಮೆ ನಿಧಾನವಾಗಿ ಗಮನಿಸುವ ವ್ಯವಸ್ಥೆ ಮಾಡಿಕೊಳ್ಳಿ. ಎನ್‌ಸಿಇಆರ್‌ಟಿ ರೂಪಿಸಿದ ಪ್ರಶಸ್ತ್ ಪರಿಶೀಲನಾ ಪಟ್ಟಿಯ ಮೊದಲ ಭಾಗವನ್ನು ತರಗತಿಯ ಶಿಕ್ಷಕರೇ ತುಂಬಬಹುದು. ಎರಡನೆಯ ಭಾಗ ವಿಶೇಷ ಶಿಕ್ಷಕರಿಗೆ ಸೇರಿದ್ದು.

ಆದರೆ ಪಟ್ಟಿಯಲ್ಲಿ ಗುರುತು ಹಾಕಿದರಷ್ಟೇ ಸಾಲದು, ಮಗುವಿನ ನೋಟುಪುಸ್ತಕವನ್ನು ಬಿಡಿಸಿ ನೋಡಬೇಕು. ಇಂಗ್ಲಿಷಿನ ಬಿ, ಡಿ ಅಕ್ಷರಗಳನ್ನು ತಿರುಗಿಸಿ ಬರೆಯುವ ಉದಾಹರಣೆಯನ್ನೇ ತರಬೇತಿಗಳಲ್ಲಿ ಹೇಳುತ್ತಾರೆ. ಕನ್ನಡದಲ್ಲಿ ತೊಡಕು ಹೆಚ್ಚಾಗಿ ಕಾಣಿಸಿಕೊಳ್ಳುವುದು ಗುಣಿತ ಮತ್ತು ಒತ್ತಕ್ಷರಗಳಲ್ಲಿ. ನಾನು ನೋಡಿದ ನಾಲ್ಕನೆಯ ತರಗತಿಯ ಬಾಲಕಿಯೊಬ್ಬಳು "ಅಕ್ಕ" ಎಂಬುದನ್ನು "ಅಕ" ಎಂದೂ "ಹೂವು" ಎಂಬುದನ್ನು "ಹುವ" ಎಂದೂ ಬರೆಯುತ್ತಿದ್ದಳು. ಹಲಗೆಯ ಮೇಲಿನ ಒಂದೊಂದು ಅಕ್ಷರಕ್ಕೂ ತಲೆಯೆತ್ತಿ ನೋಡಿ, ಮತ್ತೆ ತಗ್ಗಿಸಿ, ಇತರರು ಐದು ಸಾಲು ಮುಗಿಸುವ ಹೊತ್ತಿಗೆ ಒಂದೂವರೆ ಸಾಲು ತುಂಬುತ್ತಿದ್ದಳು. ಅದೇ ಬಾಲಕಿ ಪಾಠದ ಕಥೆಯನ್ನು ಕೇಳಿಸಿಕೊಂಡ ಮೇಲೆ ಒಂದು ವಿವರವನ್ನೂ ಬಿಡದೆ ಹೇಳುತ್ತಿದ್ದಳು. ಬಾಯಿಮಾತಿನ ಉತ್ತರಕ್ಕೂ ಬರವಣಿಗೆಗೂ ನಡುವೆ ಇಂಥ ಅಂತರ ಕಂಡಾಗ ದಡ್ಡತನ, ಸೋಮಾರಿತನ ಎಂಬ ಪದಗಳನ್ನು ಪಕ್ಕಕ್ಕಿಟ್ಟು, ಎರಡು ವಾರಗಳ ಬರವಣಿಗೆಯ ಮಾದರಿಗಳನ್ನು ದಿನಾಂಕ ಸಹಿತ ಕಡತದಲ್ಲಿ ಸೇರಿಸಿ. ಕಣ್ಣು ಮತ್ತು ಕಿವಿಯ ಪರೀಕ್ಷೆಯನ್ನು ಮೊದಲೇ ಮಾಡಿಸಿ, ಏಕೆಂದರೆ ಹಲಗೆ ಕಾಣದ ಮಗುವೂ ಹೀಗೆಯೇ ಬರೆಯುತ್ತದೆ.

ಬಳಿಕ ಪೋಷಕರೊಡನೆ ಮಾತನಾಡಿ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ, ಇತರರ ಮುಂದೆ ಈ ಮಾತು ಎತ್ತಬಾರದು. ಮಗು ಯಾವುದನ್ನು ಚೆನ್ನಾಗಿ ಮಾಡುತ್ತದೆ ಎಂಬುದರಿಂದ ಆರಂಭಿಸಿ, ಯಾವ ಕೆಲಸದಲ್ಲಿ ತಡೆಯುಂಟಾಗುತ್ತಿದೆ ಎಂದು ನೋಟುಪುಸ್ತಕ ತೋರಿಸಿ ಹೇಳಿ. ರೋಗದ ಹೆಸರನ್ನು ಹೇಳುವ ಅಧಿಕಾರ ನಮಗಿಲ್ಲ. ಪ್ರಮಾಣಪತ್ರ ಬೇಕಾದಲ್ಲಿ ಮುಖ್ಯಶಿಕ್ಷಕರ ಶಿಫಾರಸು ಪತ್ರ, ಬರವಣಿಗೆಯ ಮಾದರಿಗಳು ಮತ್ತು ಪ್ರಶಸ್ತ್ ವರದಿಯೊಂದಿಗೆ ಮಗುವನ್ನು ಜಿಲ್ಲಾ ಆಸ್ಪತ್ರೆಗೆ ಕಳುಹಿಸಿ, ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ನೆರವಾಗಿ. ದಿನಗೂಲಿ ಬಿಟ್ಟು ಮೂರು ಸಲ ಆಸ್ಪತ್ರೆಗೆ ಅಲೆದ ತಾಯಿ ನಾಲ್ಕನೆಯ ಸಲ ಹೋಗುವುದಿಲ್ಲ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಂದ ಶಿಬಿರದ ದಿನವನ್ನು ಮೊದಲೇ ತಿಳಿದುಕೊಂಡು ಹೇಳಿದರೆ ಆ ಅಲೆದಾಟ ತಪ್ಪುತ್ತದೆ.

ಪ್ರಮಾಣಪತ್ರ ಬರುವುದರೊಳಗೆ ಮಗುವಿಗೊಂದು ವೈಯಕ್ತಿಕ ಯೋಜನೆ ಸಿದ್ಧವಾಗಿರಬೇಕು. ಅದು ಒಂದು ಪುಟ ಮೀರದಿರಲಿ. ಹತ್ತು ಪುಟದ ನಮೂನೆಯನ್ನು ತುಂಬಿ ಬೀರುವಿನಲ್ಲಿಟ್ಟರೆ ಯಾರೂ ಮತ್ತೆ ತೆರೆಯುವುದಿಲ್ಲ. ಮಂದದೃಷ್ಟಿಯ ಐದನೆಯ ತರಗತಿಯ ಮಗುವಿನ ಯೋಜನೆಯಲ್ಲಿ ಇಷ್ಟಿದ್ದರೆ ಸಾಕು: ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಮೊದಲ ಸಾಲಿನಲ್ಲಿ ಜಾಗ, ಶಿಕ್ಷಕರು ಹಲಗೆಯ ಮೇಲೆ ಬರೆಯುವುದನ್ನೆಲ್ಲ ಬಾಯಲ್ಲಿಯೂ ಹೇಳುವುದು, ಪಾಠದ ಪುಟಗಳ ದೊಡ್ಡ ಗಾತ್ರದ ಜೆರಾಕ್ಸ್, ಅದನ್ನು ಮಾಡಿಸುವವರ ಹೆಸರಿನೊಂದಿಗೆ, ಗಣಿತಕ್ಕೆ ದಪ್ಪ ಗೆರೆಯ ಪುಸ್ತಕ, ಕಿರುಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ. ಹೊಣೆಗಾರರ ಹೆಸರಿಲ್ಲದ ಸಾಲನ್ನು ಬರೆಯಬೇಡಿ. ಹದಿನೈದು ದಿನಕ್ಕೊಮ್ಮೆ ಯಾವುದು ಉಪಯೋಗವಾಯಿತು, ಯಾವುದು ಆಗಲಿಲ್ಲ ಎಂದು ಮಗುವನ್ನೇ ಕೇಳಿ ಅದೇ ಪುಟದ ಕೆಳಗೆ ಬರೆಯಿರಿ.

ಕಟ್ಟಡದ ವಿಷಯದಲ್ಲಿ ಲೆಕ್ಕ ಸರಳವಾಗಿದೆ, ಆದರೂ ಅಲ್ಲಿಯೇ ತಪ್ಪುಗಳು ನಡೆಯುತ್ತವೆ. ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು. ಅಂದರೆ 15 ಸೆಂಟಿಮೀಟರಿನ ಮೂರು ಮೆಟ್ಟಿಲುಗಳಿಗೆ, ಒಟ್ಟು 45 ಸೆಂಟಿಮೀಟರಿನ ಎತ್ತರಕ್ಕೆ, 5.4 ಮೀಟರ್ ಉದ್ದದ ರ‍್ಯಾಂಪ್ ಬೇಕು. ಎರಡು ಮೀಟರಿನಲ್ಲಿ ಮುಗಿಸಿದ ರ‍್ಯಾಂಪ್ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಅದರ ಮೇಲೆ ಗಾಲಿಕುರ್ಚಿ ಹತ್ತುವುದಿಲ್ಲ. ಬಿಲ್ಲಿಗೆ ಸಹಿ ಮಾಡುವ ಮೊದಲು ಅಳತೆ ಟೇಪು ಹಿಡಿಯಿರಿ. ತರಗತಿಯಷ್ಟೇ ಅಲ್ಲ, ಶೌಚಾಲಯ, ಕುಡಿಯುವ ನೀರು ಮತ್ತು ಬಿಸಿಯೂಟದ ಜಾಗದವರೆಗೂ ಆ ದಾರಿ ಮುಟ್ಟಬೇಕು. ಗೆಳೆಯರೆಲ್ಲ ಪಂಕ್ತಿಯಲ್ಲಿ ಕುಳಿತಿರುವಾಗ ಒಬ್ಬನೇ ತರಗತಿಯೊಳಗೆ ತಟ್ಟೆ ಹಿಡಿದು ಕುಳಿತ ಹುಡುಗನನ್ನು ಕಂಡಿದ್ದೇನೆ. ಅಲ್ಲಿ ಅಡ್ಡವಾಗಿದ್ದದ್ದು ಎರಡೇ ಮೆಟ್ಟಿಲು.

ಇಲಾಖೆಯ ಆನ್‌ಲೈನ್ ದಾಖಲೆಗಳಾದ ಸ್ಯಾಟ್ಸ್ ಮತ್ತು ಯುಡೈಸ್‌ನಲ್ಲಿ ಮಗುವಿನ ವಿವರ ಸರಿಯಾಗಿ ದಾಖಲಾಗುವಂತೆ ನೋಡಿಕೊಳ್ಳಿ. ಸಮಗ್ರ ಶಿಕ್ಷಣದ ಅನುದಾನ, ಸಾಧನಗಳು, ಹೆಣ್ಣುಮಕ್ಕಳಿಗೆ ಸಿಗುವ ತಿಂಗಳಿಗೆ 200 ರೂಪಾಯಿಯ ಪ್ರೋತ್ಸಾಹಧನ ಎಲ್ಲಕ್ಕೂ ಈ ದಾಖಲೆಯೇ ಆಧಾರ. ಇನ್ನೊಂದು ಮಹತ್ವದ ಕಾರಣವೂ ಇದೆ. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2021ರ ಅಕ್ಟೋಬರಿನಲ್ಲಿ ನೀಡಿದ ತೀರ್ಪಿನ ನಂತರ, 2022ರ ಸೆಪ್ಟೆಂಬರಿನಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಗೆ ತಿದ್ದುಪಡಿಯಾಗಿ, ಕಿರಿಯ ಪ್ರಾಥಮಿಕದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಮತ್ತು ಹಿರಿಯ ಪ್ರಾಥಮಿಕದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರೆಂಬ ಅನುಪಾತ ನಿಗದಿಯಾಗಿದೆ. ಹುದ್ದೆಗಳ ಸಂಖ್ಯೆ ದಾಖಲಾದ ಮಕ್ಕಳ ಸಂಖ್ಯೆಯಿಂದಲೇ ಹುಟ್ಟುವುದರಿಂದ, "ನಮ್ಮಲ್ಲಿ ಅಂಥವರು ಇಲ್ಲ" ಎಂದು ಸೊನ್ನೆ ತುಂಬುವ ಶಾಲೆ ತನ್ನ ಮಕ್ಕಳಿಗೆ ಬರಬೇಕಾದ ಶಿಕ್ಷಕರನ್ನು ತಾನೇ ತಪ್ಪಿಸಿದಂತಾಗುತ್ತದೆ. ಆ ಶಿಕ್ಷಕರು ಬರುವವರೆಗೆ, ತಾಲ್ಲೂಕಿನ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಾದ ಬಿಐಇಆರ್‌ಟಿಯವರ ಭೇಟಿಯ ದಿನಗಳನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಅವರ ಕೈಗೆ ಇಡೀ ತಾಲ್ಲೂಕು ಇರುತ್ತದೆ, ಆದ್ದರಿಂದ ಬಂದಾಗ ಅವರು ಮಗುವನ್ನು ಮಾತ್ರವಲ್ಲದೆ ತರಗತಿಯ ಶಿಕ್ಷಕರನ್ನೂ ಕೂರಿಸಿಕೊಂಡು ಕಲಿಸುವಂತಾಗಲಿ.

ಗೃಹಾಧಾರಿತ ಶಿಕ್ಷಣದ ಬಗ್ಗೆ ಎಚ್ಚರ ಬೇಕು. ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿಯು ತೀವ್ರ ಅಥವಾ ಬಹುವಿಧ ವೈಕಲ್ಯವಿರುವ ಮಕ್ಕಳಿಗೆ ಅದನ್ನು ಆಯ್ದುಕೊಳ್ಳುವ ಹಕ್ಕನ್ನು ಕೊಟ್ಟಿದೆ. ಆಯ್ಕೆ ಕುಟುಂಬದ್ದು, ಶಾಲೆಯದ್ದಲ್ಲ. ತರಗತಿಗೆ ಗದ್ದಲವಾಗುತ್ತದೆ ಎಂಬ ಕಾರಣಕ್ಕೆ ಮಗುವನ್ನು ಮನೆಗೆ ಕಳುಹಿಸಲು ಈ ಅವಕಾಶವನ್ನು ಬಳಸುವಂತಿಲ್ಲ.

ಪರೀಕ್ಷೆಯ ಸೌಲಭ್ಯಗಳನ್ನು ಎಸ್‌ಎಸ್‌ಎಲ್‌ಸಿ ನೋಂದಣಿಯ ವೇಳೆ ನೆನಪಿಸಿಕೊಂಡರೆ ತಡವಾಗುತ್ತದೆ. ಎಂಟನೆಯ ತರಗತಿಯಿಂದಲೇ ಕಡತ ಸಿದ್ಧವಿರಲಿ. ಹೆಚ್ಚುವರಿ ಸಮಯ, ಲಿಪಿಕಾರರು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಇವೆಲ್ಲಕ್ಕೂ 17ನೆಯ ಪ್ರಕರಣದಲ್ಲಿ ಅವಕಾಶವಿದೆ. ಲಿಪಿಕಾರರೊಂದಿಗೆ ಉತ್ತರ ಹೇಳಿ ಬರೆಸುವುದು ತಾನೇ ಒಂದು ಕಲೆ, ಅದನ್ನು ಮಗು ಕನಿಷ್ಠ ನಾಲ್ಕೈದು ಕಿರುಪರೀಕ್ಷೆಗಳಲ್ಲಿ ಅಭ್ಯಾಸ ಮಾಡಿರಬೇಕು. ಭಾಷೆಯ ವಿನಾಯಿತಿಯನ್ನು ಮಾತ್ರ ಅವಸರದಿಂದ ಪಡೆಯಬೇಡಿ; ಮುಂದೆ ಯಾವ ಕೋರ್ಸಿಗೆ ಯಾವ ಭಾಷೆ ಬೇಕಾದೀತು ಎಂದು ಪೋಷಕರೊಡನೆ ಚರ್ಚಿಸಿ, ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆದ ಮೇಲೆ ಅರ್ಜಿ ಸಲ್ಲಿಸಿ.

ಕೇಳಿದ ನೆರವು ಮೇಲಿನಿಂದ ಬಾರದಿದ್ದರೆ ಬಾಯಿಮಾತಿನಲ್ಲಿ ನೆನಪಿಸುತ್ತ ಕೂರಬೇಡಿ. ಕ್ಷೇತ್ರ ಶಿಕ್ಷಣಾಧಿಕಾರಿಗೆ ಪತ್ರ ಬರೆದು, ಸ್ವೀಕೃತಿ ಪಡೆದು, ಅದರ ಪ್ರತಿಯನ್ನು ಎಸ್‌ಡಿಎಂಸಿ ನಡಾವಳಿಗೆ ಸೇರಿಸಿ. ಶಾಲೆಯೇ ನಿರಾಕರಿಸಿದಾಗ ಪೋಷಕರು ಶಿಕ್ಷಣ ಹಕ್ಕು ಕಾಯ್ದೆಯ 32ನೆಯ ಪ್ರಕರಣದಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು, ಅದು ಮೂರು ತಿಂಗಳೊಳಗೆ ತೀರ್ಮಾನವಾಗಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. 2016ರ ಕಾಯ್ದೆಯಡಿ ನೇಮಕವಾಗುವ ರಾಜ್ಯ ಆಯುಕ್ತರ ಬಳಿಗೂ ಹೋಗಬಹುದು. ಈ ಮೂರು ದಾರಿಗಳನ್ನೂ ದಾಖಲಾತಿಯ ದಿನ ಪೋಷಕರ ಕೈಗೆ ಕೊಡುವ ಕಾಗದದಲ್ಲಿ, ಅವರು ಓದಬಲ್ಲ ಕನ್ನಡದಲ್ಲಿ, ನಾವೇ ಬರೆದುಕೊಡಬೇಕು.